ಎಡಗಡೆಯ ಬ್ರೇಕು

ಡ್ರೈವಿಂಗ್ ಕಲಿಸುವವರ ಬಲಗಾಲು ಅವರ ಮಾತು ಕೇಳುವುದಿಲ್ಲ. ಬಸ್ಸಿನಲ್ಲಿ ಕೂತಿರಲಿ, ಟ್ಯಾಕ್ಸಿಯಲ್ಲಿ ಕೂತಿರಲಿ, ಮನೆಯಲ್ಲಿ ಸೋಫಾದ ಮೇಲೆ ಒರಗಿರಲಿ, ಎದುರಿಗೆ ಏನಾದರೂ ಅಡ್ಡ ಬಂತೆಂದರೆ ಆ ಕಾಲು ತಾನಾಗಿಯೇ ನೆಲವನ್ನು ಒತ್ತಿಬಿಡುತ್ತದೆ. ಚಿಕ್ಕ ಟೀಚರಿನ ಅತ್ತೆಯಂತೂ ಟೀವಿಯಲ್ಲಿ ಕಾರು ಓಡುವುದು ಕಂಡರೆ ಸಾಕು, ಮುಂದಿದ್ದ ಟೀಪಾಯಿಯನ್ನು ಒದ್ದು ಕಾಫಿ ಚೆಲ್ಲಿಸುತ್ತಿದ್ದರು. “ಅದು ಟೀವಿ, ಅತ್ತೆ” ಎಂದರೆ, “ನಂಗೆ ಗೊತ್ತಮ್ಮ, ಕಾಲಿಗೆ ಗೊತ್ತಿಲ್ಲ” ಎನ್ನುತ್ತಿದ್ದರು. ಹೇಳಿ ನಗುತ್ತಿರಲಿಲ್ಲ. ನಗುವುದು ಅವರ ಜಾಯಮಾನವಲ್ಲ.

ಡ್ರೈವಿಂಗ್ ಶಾಲೆಯನ್ನು ಕಟ್ಟಿದ್ದೇ ಆ ಅತ್ತೆ. ಹೆಂಗಸು ಕಾರು ಓಡಿಸಿದರೆ ಜನ ನಿಂತು ನೋಡುತ್ತಿದ್ದ ಕಾಲದಲ್ಲಿ ಹೆಂಗಸರಿಗೆಂದೇ ಶುರುಮಾಡಿದರು. ಆಮೇಲೆ ಗಂಡಸರೂ ಬಂದರು, ಬಂದವರೆಲ್ಲ ಹೊಟ್ಟೆ ತುಂಬ ಬೈಸಿಕೊಂಡು ಲೈಸೆನ್ಸ್ ತಗೊಂಡು ಹೋದರು. ಕಲಿಯುವವರ ಬಾಯಲ್ಲಿ ಅವರು ದೊಡ್ಡ ಟೀಚರ್. ಮದುವೆಯಾಗಿ ಬಂದ ಸೊಸೆಗೆ ಸ್ಟೀರಿಂಗ್ ಹಿಡಿಸಿ, ಕಲಿಸುವವರ ಸೀಟಿಗೂ ಏರಿಸಿದ ಮೇಲೆ ಅವಳು ಚಿಕ್ಕ ಟೀಚರ್ ಆದಳು. ಹೆತ್ತ ಮಗನಿಗೆ ಮಾತ್ರ ಕಲಿಸಲಾಗಲಿಲ್ಲ. ಅವನು ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಚಾರ್ಟು ತಗುಲಿಹಾಕಿ ರಸ್ತೆಯ ಚಿಹ್ನೆಗಳನ್ನು ಪಾಠ ಮಾಡುತ್ತಾನೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಇವತ್ತಿಗೂ ತಡವರಿಸುತ್ತಾನೆ. ಪಾಠ ಕೇಳಲು ಬಂದವರಿಗೆ ಈ ಗುಟ್ಟು ಗೊತ್ತಿಲ್ಲ.

ಶಾಲೆಗೆ ಇದ್ದದ್ದು ಒಂದೇ ಕಾರು. ಬಲಗಡೆ ಕಲಿಯುವವರು, ಎಡಗಡೆ ಟೀಚರ್. ಎಡಗಡೆಯೂ ಒಂದು ಬ್ರೇಕ್ ಪೆಡಲು. ಕಲಿಯುವವರು ತಮ್ಮ ಪೆಡಲು ಒತ್ತಿದರೆ ಇದು ಕದಲುವುದಿಲ್ಲ. ಇದನ್ನು ಒತ್ತಿದರೆ ಮಾತ್ರ ಎರಡೂ ಒಟ್ಟಿಗೆ ಕೆಳಗಿಳಿದು ಗಾಡಿ ನಿಲ್ಲುತ್ತದೆ. ನಿಂತ ಮೇಲೆ ಕೆಲವರು “ಬ್ರೇಕ್ ಹಾಕಿದ್ದು ನಾನೇ” ಎಂದು ಜಂಬ ಕೊಚ್ಚುವುದುಂಟು. ಆ ಜಂಬ ಇಳಿಸುವುದಕ್ಕೇ ದೊಡ್ಡ ಟೀಚರ್ ಆಫೀಸಿನ ಮೇಜಿನ ಮೇಲಿಡುವ ಕರೆಗಂಟೆಯೊಂದನ್ನು ತಂದು, ಎಡಗಡೆಯ ಪೆಡಲಿಗೆ ತಂತಿಯಲ್ಲಿ ಬಿಗಿಸಿದ್ದರು. ಅವರ ಕಾಲು ಬಿದ್ದರೆ ‘ಟಿಣ್’. ಅದರಲ್ಲೂ ಅವರದೊಂದು ಕ್ರಮ. ಮೊದಲು ಪೆಡಲನ್ನು ಹಾಗೇ ಮುಟ್ಟುತ್ತಾರೆ, ಗಂಟೆ ಸಣ್ಣಗೆ ಹೊಡೆಯುತ್ತದೆ, ಅದು ಎಚ್ಚರಿಕೆ. ಕೇಳದಿದ್ದರೆ ನೆಲಕ್ಕಂಟುವ ಹಾಗೆ ಒತ್ತುತ್ತಾರೆ, ಕಲಿಯುವವರ ಮೂಗು ಸ್ಟೀರಿಂಗಿಗೆ ಮುತ್ತಿಡುತ್ತದೆ. ಮೇಲಿಂದ, “ಗಂಟೆ ಹೊಡೆದದ್ದು ಯಾರಿಗಮ್ಮ? ಪಕ್ಕದ ಮನೆಯವರಿಗಾ?” ಎಂಬ ಮಾತು ಬೇರೆ.

ಔಷಧಿ ಅಂಗಡಿಯ ತಿರುವಿನಲ್ಲಿ ಚಿಕ್ಕ ಟೀಚರಿಗೆ ಈ ಗಂಟೆ ಎಷ್ಟು ಸಲ ಹೊಡೆದಿದೆಯೋ ಲೆಕ್ಕವಿಲ್ಲ. ಅಲ್ಲಿ ರಸ್ತೆ ತಟ್ಟನೆ ಒಳಕ್ಕೆ ಬಾಗುತ್ತದೆ, ಆಚೆ ಏನಿದೆ ಎಂದು ಕಾಣುವುದಿಲ್ಲ, ಅವಳು ಅಲ್ಲಿ ನಿಧಾನ ಮಾಡಿದ್ದೇ ಇಲ್ಲ. ಪಕ್ಕಾ ಡ್ರೈವರ್ ಆದ ಮೇಲೂ, ಸಂಸಾರ ಸಮೇತ ಎಲ್ಲಿಗಾದರೂ ಹೊರಟಾಗಲೂ, ಆ ತಿರುವು ಬಂದರೆ ಎಡಗಡೆಯಿಂದ ಟಿಣ್. “ನನ್ನ ಮೇಲೆ ನಂಬಿಕೆ ಇಲ್ವಾ ಅತ್ತೆ?” ಎಂದು ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದಳು. “ತಿರುವಿನ ಮೇಲೆ ಇಲ್ಲ” ಎಂದಿದ್ದರು ಅತ್ತೆ. ಆ ಮುದುಕಿಯ ಬಾಯಿಂದ ಒಂದು ಶಹಬ್ಬಾಸ್ ಬರಲಿ ಎಂದು ಅವಳು ಎಷ್ಟು ವರ್ಷ ಕಾದಳೋ, ಬರಲಿಲ್ಲ. ಎರಡು ವರ್ಷದ ಹಿಂದೆ ಅತ್ತೆ ಆಸ್ಪತ್ರೆಯ ಮಂಚದ ಮೇಲೆ ತೀರಿಕೊಂಡರು. ಕೊನೆಯ ಉಸಿರಿನಲ್ಲೂ ಬಲಗಾಲು ಮಂಚದ ತುದಿಯ ಕಂಬಿಯನ್ನು ಒತ್ತಿಕೊಂಡೇ ಇತ್ತು. ನರ್ಸ್ ಅದನ್ನು ಬಿಡಿಸಬೇಕಾಯಿತು.

ಅತ್ತೆ ಹೋದ ಮೇಲೆ ಎಡಗಡೆಯ ಸೀಟು ಪೂರ್ತಿ ಚಿಕ್ಕ ಟೀಚರಿಗೇ ಬಂತು. ಅತ್ತೆಯ ಹೂವಿನ ದಿಂಬನ್ನೂ ತೆಗೆಯಲಿಲ್ಲ, ಅದರ ಮೇಲೆಯೇ ಕೂತಳು. ಮರುವರ್ಷವೇ ಅವಳ ಸಕ್ಕರೆ ಕಾಯಿಲೆ ಕಾಲಿಗಿಳಿಯಿತು. ಅದು ಗೊತ್ತಾದದ್ದು ಹೀಗೆ: ಒಂದು ಸಂಜೆ ಬಲಗಾಲಿನ ಬೂಟು ಬಿಚ್ಚಿದರೆ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. ಗಂಡನ ಚಾರ್ಟಿನಿಂದ ಉದುರಿದ ಬೋರ್ಡ್ ಪಿನ್ನೊಂದು ಬೂಟಿನೊಳಗೆ ಸೇರಿ, ಬೆಳಗಿನಿಂದ ಹಿಮ್ಮಡಿಗೆ ನೆಟ್ಟುಕೊಂಡಿತ್ತು. ಇಡೀ ದಿನ ಅದರ ಮೇಲೇ ಓಡಾಡಿದ್ದಾಳೆ. ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಗಂಡನಿಗೆ ಹೇಳದೆ ಬೇರೆ ಬಡಾವಣೆಯ ಡಾಕ್ಟರ ಹತ್ತಿರ ಹೋದಳು. ಅವರು ಅವಳ ಪಾದವನ್ನು ಹತ್ತಿಯಲ್ಲಿ ಸವರಿ, ಸೂಜಿಯಲ್ಲಿ ಚುಚ್ಚಿ, “ಏನಾದ್ರೂ ಗೊತ್ತಾಗತ್ತಾ?” ಎಂದರು. ಅವಳು “ಸ್ವಲ್ಪ” ಎಂದು ಸುಳ್ಳು ಹೇಳಿದಳು. “ಇನ್ನೊಬ್ಬರ ಪ್ರಾಣ ಈ ಕಾಲಿನ ಮೇಲೆ ಇಡಬೇಡಿ” ಎಂದು ಡಾಕ್ಟರು ಕನ್ನಡಕ ತೆಗೆದು ಹೇಳಿದರು.

ಅವಳು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಬಂದಳು. ಪಾಪ, ಏನು ಮಾಡಿಯಾಳು? ಆ ಸೀಟು ಬಿಟ್ಟರೆ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಅಷ್ಟಕ್ಕೂ ಕಾಲೇನೂ ಕೈಕೊಟ್ಟಿರಲಿಲ್ಲ. ನಾಯಿ ಅಡ್ಡ ಬಂದರೆ ಟಿಣ್, ಸೈಕಲ್ಲು ನುಗ್ಗಿದರೆ ಟಿಣ್, ಗಾಡಿ ಹೊತ್ತಿಗೆ ಸರಿಯಾಗಿ ನಿಲ್ಲುತ್ತಿತ್ತು. ಕಾಲು ಒತ್ತಿದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಗಂಟೆ ಹೊಡೆದಾಗ ಗೊತ್ತಾಗುತ್ತಿತ್ತು. ‘ನಂಗೆ ಗೊತ್ತಿಲ್ಲದಿದ್ರೂ ಕಾಲಿಗೆ ಗೊತ್ತು’ ಎಂದು ಅತ್ತೆಯ ಮಾತನ್ನೇ ತಿರುಗಿಸಿ ಸಮಾಧಾನ ಮಾಡಿಕೊಂಡಳು. ಒಳಗೊಳಗೇ ಹೆಮ್ಮೆಯೂ ಆಯಿತು. ಸ್ಪರ್ಶ ಸತ್ತ ಮೇಲೂ ಅಭ್ಯಾಸ ಬಿಡದ ಕಾಲು ಎಷ್ಟು ಜನಕ್ಕಿರುತ್ತದೆ?

ಅಷ್ಟರಲ್ಲಿ ಕಾರಿಗೆ ವಯಸ್ಸಾಗಿತ್ತು. ಇನ್ನು ಇದನ್ನು ಕಲಿಸಲು ಬಳಸುವ ಹಾಗಿಲ್ಲ, ವರ್ಷ ಮುಗಿಯುವುದರೊಳಗೆ ಹೊಸದು ತನ್ನಿ ಎಂದು ಸಾರಿಗೆ ಕಚೇರಿಯವರು ಹೇಳಿಬಿಟ್ಟರು. ಚಿಕ್ಕ ಟೀಚರ್, ಗಂಡ, ಮಗಳು, ಮೂವರೂ ಶೋರೂಮಿಗೆ ಹೋದರು. ಗಾಜಿನ ಗೋಡೆ, ಕಾಲು ಜಾರುವಂಥ ನೆಲ, ಮುಟ್ಟಲು ಅಂಜಿಕೆಯಾಗುವಷ್ಟು ಹೊಳೆಯುವ ಗಾಡಿಗಳು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ಒಯ್ಯುವುದೆಂದು ಮಾತಾಯಿತು. ಎಡಗಡೆಯ ಪೆಡಲನ್ನು ಅವರ ವರ್ಕ್‌ಶಾಪಿನಲ್ಲೇ ಕೂರಿಸಿಕೊಡುತ್ತಾರಂತೆ. ಕಾಲೇಜಿಗೆ ಹೋಗುವ ಮಗಳು ಪುಟ್ಟಿ ತಿಳಿನೀಲಿ ಬಣ್ಣ ಆರಿಸಿದಳು.

“ಅಮ್ಮ, ಹೊಸ ಗಾಡೀಲಿ ನಂಗೇ ಮೊದಲು ಕಲಿಸ್ಬೇಕು. ಶೋರೂಮಿಂದ ಮನೆಗೆ ನಾನೇ ಓಡಿಸ್ಕೊಂಡು ಬರ್ತೀನಿ. ಮಾತು ಕೊಡು.”

“ಹಳೇದ್ರಲ್ಲಿ ಅಷ್ಟಿಷ್ಟು ಓಡಿಸ್ತೀಯಲ್ಲ, ಅಷ್ಟು ಸಾಕು.”

“ಅದ್ರಲ್ಲಿ ಅಜ್ಜಿ ಗಂಟೆ ಕೇಳಿದ್ರೇನೇ ಕೈ ನಡುಗತ್ತೆ. ಕೊಡ್ತೀಯೋ ಇಲ್ವೋ?”

ಚಿಕ್ಕ ಟೀಚರ್ ನಕ್ಕು ಮಾತು ಕೊಟ್ಟಳು.

ಆರ್ಡರ್ ಬರೆದುಕೊಂಡ ಸೇಲ್ಸ್‌ಮನ್ ಬಹಳ ಒಳ್ಳೆಯವನು, ಯಾವುದಕ್ಕೂ ಇಲ್ಲ ಎನ್ನುವವನಲ್ಲ. ಗಾಡಿ ಯಾವಾಗ ಬರತ್ತೆ ಎಂದರೆ ನಾಳೆ ಹೇಳ್ತೀನಿ ಮೇಡಂ ಎನ್ನುತ್ತಿದ್ದ. ನಾಳೆ ಕೇಳಿದರೆ ಮತ್ತೆ ನಾಳೆ. ಒಮ್ಮೆ ಬಣ್ಣ ಬಂದಿಲ್ಲ, ಒಮ್ಮೆ ಸೀಟು ಬಂದಿಲ್ಲ, ಒಮ್ಮೆ ಎಲ್ಲವೂ ಬಂದಿದೆ ಆದರೆ ಗಾಡಿ ಬಂದಿಲ್ಲ. ಗಂಡ ಅವನಿಗೆ ‘ನಾಳೆರಾಯ’ ಎಂದು ಹೆಸರಿಟ್ಟ. ಚಿಕ್ಕ ಟೀಚರ್ ಪ್ರತಿ ಸೋಮವಾರ ಫೋನು ಮಾಡಿ ನಾಳೆರಾಯನಿಗೆ ಮಂಗಳಾರತಿ ಎತ್ತುತ್ತಿದ್ದಳು, ಅವನು ಅದನ್ನೂ ನಗುತ್ತಲೇ ಸ್ವೀಕರಿಸುತ್ತಿದ್ದ.

ಹೀಗೆ ಕಾಯುತ್ತಿದ್ದ ದಿನಗಳಲ್ಲೇ ಅದು ನಡೆದದ್ದು.

ಆಗ ಕಲಿಯಲು ಬರುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ದಿನಾ ಬೇರೆಯವರನ್ನು ನಡುಗಿಸುವವರು, ಸ್ಟೀರಿಂಗ್ ಹಿಡಿದರೆ ತಾವೇ ನಡುಗುತ್ತಿದ್ದರು. ಆ ಮಧ್ಯಾಹ್ನ ಬಡಾವಣೆಯ ಆಚೆಯ ನೇರ ರಸ್ತೆಯಲ್ಲಿ ಆಮೆಯ ಹಾಗೆ ಹೋಗುತ್ತಿದ್ದರು. ಎದುರಿಗೆ ಒಂದು ನರಪಿಳ್ಳೆಯಿಲ್ಲ. ಚಿಕ್ಕ ಟೀಚರಿಗೆ ಬೂಟಿನ ಅಂಚಿನಲ್ಲಿ ಕಾಲುಚೀಲ ಒದ್ದೆಯಾದ ಹಾಗೆ ಕಂಡಿತು. ಮತ್ತೆ ಹುಣ್ಣಾಗಿದೆಯೇನೋ ಎಂದು ಬಲಗಾಲನ್ನು ತೊಡೆಯ ಮೇಲೆ ಎತ್ತಿಕೊಂಡು, ಬೂಟು ಬಿಚ್ಚಿ, ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಎಡಗಾಲು ಸೀಟಿನ ಕೆಳಗೆ ಮಡಚಿತ್ತು.

ಟಿಣ್. ಸಣ್ಣಗೆ.

ಅವಳು ತಲೆಯೆತ್ತುವುದರೊಳಗೆ ಇನ್ನೊಂದು, ಜೋರಾಗಿ. ಕಾರು ಕುಕ್ಕರಿಸಿ ನಿಂತಿತು. ಗೇಟೊಂದರಿಂದ ನುಗ್ಗಿದ ಹಾಲಿನವನ ಸ್ಕೂಟರು ಬಂಪರಿಗೆ ಒಂದು ಗೇಣು ಬಿಟ್ಟು ಹಾರಿಕೊಂಡು ಹೋಯಿತು.

“ಅಬ್ಬಾ! ನಾನು ನೋಡ್ಲೇ ಇಲ್ಲ. ನೀವು ಬ್ರೇಕ್ ಹಾಕದಿದ್ರೆ ಏನಾಗ್ತಿತ್ತು ಟೀಚರ್!” ಎಂದರು ಡಾಕ್ಟರಮ್ಮ, ಎದೆಯ ಮೇಲೆ ಕೈಯಿಟ್ಟುಕೊಂಡು.

ಚಿಕ್ಕ ಟೀಚರಿನ ಪಾದ ಅವಳ ಕೈಯಲ್ಲೇ ಇತ್ತು. ಅವಳು ಕೆಳಗೆ ನೋಡಿದಳು. ಎಡಗಡೆಯ ಪೆಡಲು ನೆಲಕ್ಕಂಟಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಅದು ನಿಧಾನವಾಗಿ, ಯಾರೋ ಕಾಲು ಸಡಿಲಿಸಿದಂತೆ, ಕಿರ್ ಎಂದು ಮೇಲೆ ಬಂತು.

ಡಾಕ್ಟರಮ್ಮನನ್ನು ಹೇಗೋ ಸಾಗಹಾಕಿ, ಬಲಗಡೆಯ ಸೀಟಿಗೆ ಬಂದು ಒಬ್ಬಳೇ ಮನೆಯ ಕಡೆಗೆ ಹೊರಟಳು. ಪೆಡಲು ತುಕ್ಕು ಹಿಡಿದಿದೆ, ಸ್ಪ್ರಿಂಗು ಸಡಿಲವಾಗಿದೆ ಎಂದು ಏನೇನೋ ಹೇಳಿಕೊಂಡಳು. ತಲೆ ಎಲ್ಲೋ ಇತ್ತು, ಔಷಧಿ ಅಂಗಡಿಯ ತಿರುವು ಬಂದದ್ದು ಗೊತ್ತಾಗಲಿಲ್ಲ. ಎಂದಿನ ಹಾಗೆ ವೇಗವಾಗಿಯೇ ತಿರುಗಿಸಿದಳು.

ಟಿಣ್.

ಪಕ್ಕದಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ಖಾಲಿ ಸೀಟಿನ ಮೇಲೆ ಬಿದ್ದಿತ್ತು. ಹೂವಿನ ದಿಂಬಿನ ನಡುವೆ, ಕೂತವರ ಭಾರಕ್ಕೆ ಬಿದ್ದಂಥ ಗುಳಿಯಿತ್ತು. ಅವಳು ರಸ್ತೆಯ ಬದಿಗೆ ನಿಲ್ಲಿಸಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಸತ್ತ ಮೇಲೂ ಕಾಲು ತೆಗೆಯಲಿಲ್ಲವಲ್ಲ ಈ ಮುದುಕಿ! ಸಿಟ್ಟು ಇಳಿದ ಮೇಲೆ ಅದರ ಹಿಂದಿದ್ದ ಮಾತು ತಲೆಗೆ ಹೊಕ್ಕಿತು, ಭಯವಾದದ್ದು ಆಗ. ಹಾಗಾದರೆ ಇಷ್ಟು ದಿನ ನಾಯಿಗೆ, ಸೈಕಲ್ಲಿಗೆ, ಬಸ್ಸಿನ ಹಿಂದಿಂದ ಇಳಿದ ಮಕ್ಕಳಿಗೆ ಬ್ರೇಕ್ ಹಾಕಿದ್ದು ಅವಳ ಕಾಲಲ್ಲ. ಅವಳ ಕಾಲು ಒಂದು ಸಲವೂ ಒತ್ತಿರಲಿಕ್ಕಿಲ್ಲ.

ಅಲ್ಲಿಂದ ಮುಂದೆ ಆ ಸೀಟಿನಲ್ಲಿ ಕೂರುವುದೆಂದರೆ ಯಾರದೋ ಮಡಿಲಲ್ಲಿ ಕೂತ ಹಾಗಾಗುತ್ತಿತ್ತು. ಆದರೂ ಕೂತಳು. ಬೇಕೆಂದೇ ಕಾಲು ಹಿಂದಕ್ಕೆ ಮಡಚಿಕೊಂಡು ನೋಡಿದಳು, ಗಂಟೆ ತಪ್ಪಲಿಲ್ಲ. ಒಮ್ಮೆ ಡಾಕ್ಟರಮ್ಮನ ಮುಂದೆ ಅತ್ತೆಯ ಬೈಗುಳದ ಬಗ್ಗೆ ತಮಾಷೆ ಮಾಡಿದಳು. ನಿಂತ ಗಾಡಿಯಲ್ಲೇ ಸಣ್ಣದಾಗಿ ಟಿಣ್ ಎಂದಿತು. ಆಮೇಲೆ ಅತ್ತೆಯ ಸುದ್ದಿ ಎತ್ತಲಿಲ್ಲ.

ಪ್ರತಿ ಸೋಮವಾರ ನಾಳೆರಾಯನಿಗೆ ಬೈಯುತ್ತಿದ್ದವಳು ಈಗ ಫೋನು ಕಂಡರೆ ಬೆಚ್ಚಿಬೀಳುತ್ತಿದ್ದಳು. ದೇವರೇ, ಇನ್ನೂ ಬಣ್ಣ ಬಂದಿರದಿರಲಿ, ಸೀಟು ಬಂದಿರದಿರಲಿ. ಆದರೆ ಅವಳು ಕಾಯುವುದನ್ನು ಬಿಟ್ಟ ಕೂಡಲೇ ಗಾಡಿಗೆ ಅವಸರ ಹುಟ್ಟಿತು. ನಾಳೆರಾಯ ತಾನಾಗಿಯೇ ಫೋನು ಮಾಡತೊಡಗಿದ. ಫ್ಯಾಕ್ಟರಿಯಿಂದ ಹೊರಟಿತು ಮೇಡಂ. ದಾರೀಲಿದೆ ಮೇಡಂ. ಬಂದು ನಿಂತಿದೆ ಮೇಡಂ, ಎಂಥಾ ಚೆಂದ ಇದೆ ಅಂತೀರಿ!

ಅವಳು ಹಳೆಯ ಕಾರಿನಲ್ಲೇ ಶೋರೂಮಿಗೆ ಓಡಿದಳು. ಹಳೆಯದನ್ನು ಕೊಡುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು. ಯಜಮಾನರು ಆಗಲೇ ಸಹಿ ಹಾಕಿ ಕೊಟ್ಟಿದ್ದಾರೆ ಎಂದ ನಾಳೆರಾಯ. ಹಾಗಾದರೆ ಹಳೆಯ ಪೆಡಲನ್ನೇ ಬಿಚ್ಚಿ ಹೊಸದಕ್ಕೆ ಕೂರಿಸಿ ಎಂದು ಹಿಂದಿನ ವರ್ಕ್‌ಶಾಪಿಗೆ ಹೋಗಿ ಫಿಟ್ಟರನನ್ನು ಬೇಡಿಕೊಂಡಳು. ಅವನು ಹಳೆಯ ಕಾರಿನೊಳಗೆ ತಲೆ ಹಾಕಿ, ಕರೆಗಂಟೆಯನ್ನು ಬೆರಳಲ್ಲಿ ಮೀಟಿ ನಕ್ಕ.

“ಇದು ಯಾವ ಕಾಲದ್ದು ಮೇಡಂ! ಇದರ ರಾಡೇ ಬೇರೆ, ಹೊಸಾದಕ್ಕೆ ಕೂರಲ್ಲ. ಕೂರಿಸಿದ್ರೂ ನಮ್ಮೋರು ಪಾಸ್ ಮಾಡಲ್ಲ. ಹೊಸಾದ್ರಲ್ಲಿ ನೋಡಿ, ನೀವು ಒತ್ತಿದ್ರೆ ಕೀಂ ಅಂತ ಸದ್ದು ಬರತ್ತೆ. ಬೆರಳಲ್ಲಿ ಒತ್ತಿದ್ರೂ ಸಾಕು, ಅಷ್ಟು ನಾಜೂಕು.”

ಬೆರಳಲ್ಲಿ ಒತ್ತಿದರೂ ಸಾಕಂತೆ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ಹೇಳಿಬಿಡೋಣ ಎಂದು ಊಟಕ್ಕೆ ಕೂತಾಗ ಬಾಯಿ ತೆರೆದಳು. ಬಂದ ಮಾತು ಬೇರೆಯೇ.

“ಪುಟ್ಟೀ, ನಾಳೆ ನೀನು ಓಡಿಸೋದು ಬೇಡ. ಇನ್ಯಾವತ್ತಾದ್ರೂ ನೋಡೋಣ.”

ಮಗಳ ಕೈ ತಟ್ಟೆಯಲ್ಲೇ ನಿಂತಿತು. “ಯಾಕೆ? ಮಾತು ಕೊಟ್ಟಿದ್ದೆ.”

“ಹೊಸ ಗಾಡಿ. ಏನಾದ್ರೂ ಆದ್ರೆ?”

“ಏನಾಗತ್ತೆ? ನೀನು ಪಕ್ಕದಲ್ಲಿ ಇರ್ತೀಯಲ್ಲ.” ಅಷ್ಟು ಹೇಳಿ ಅವಳ ಮುಖ ಸಣ್ಣದಾಯಿತು. “ನನ್ನ ಮೇಲೆ ನಂಬಿಕೆ ಇಲ್ವಾ ಅಮ್ಮ?”

“ಅವಳ ಉತ್ಸಾಹಕ್ಕೆ ಯಾಕೆ ತಣ್ಣೀರು ಹಾಕ್ತೀಯ?” ಎಂದ ಗಂಡ. “ಊರಿಗೆಲ್ಲ ಕಲಿಸಿದೋಳು ನೀನು.”

ಮಗಳದು ತಾನು ಅತ್ತೆಗೆ ಕೇಳಿದ್ದ ಅದೇ ಪ್ರಶ್ನೆ, ಅದೇ ಧ್ವನಿ. ನಂಬಿಕೆ ಇಲ್ಲದಿರುವುದು ನಿನ್ನ ಮೇಲಲ್ಲ ಮಗಳೇ, ನನ್ನ ಕಾಲಿನ ಮೇಲೆ ಎನ್ನಬೇಕಿತ್ತು. ಎನ್ನಲಿಲ್ಲ. ಹೇಳಿದರೆ ನಾಳೆಯಿಂದ ಅವಳು ಯಾರು? ಅನ್ನಕ್ಕೆ ಸಾರು ಬಡಿಸಿದಳು, “ಆಯ್ತು, ನೀನೇ ಓಡಿಸು” ಎಂದಳು. ಆ ಒಂದು ಮಾತಿಗಾಗಿ ಅವಳನ್ನು ಹಿಡಿದು ಬಡಿಯಬೇಕು ಅನ್ನಿಸುತ್ತದೆ. ಆದರೆ ಮಗಳ ಮುಖ ಅರಳಿದ್ದನ್ನು ನೋಡಿದ್ದರೆ ಯಾರಾದರೂ ಹಾಗೇ ಎನ್ನುತ್ತಿದ್ದರೇನೋ.

ಗಾಡಿ ಕೊಡುವ ದಿನ ನಾಳೆರಾಯ ಕೋಟು ಹಾಕಿಕೊಂಡು ಬಂದಿದ್ದ. ತಿಳಿನೀಲಿ ಕಾರಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಚಿಕ್ಕ ಟೀಚರಿಗೆ ಅದು ಯಾಕೋ ಆಸ್ಪತ್ರೆಯ ಮಂಚದ ಹಾಗೆ ಕಂಡಿತು. ಬಟ್ಟೆ ಎಳೆದರು, ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಗಂಡನಿಗೆ ಪಾಠಕ್ಕೆ ಹೊತ್ತಾಗಿತ್ತು, ಬಸ್ಸು ಹಿಡಿದು ಮುಂದೆ ಹೋದ.

ಹಳೆಯ ಕಾರು ಹಿಂದಿನ ಯಾರ್ಡಿನಲ್ಲಿ, ಇನ್ನೊಂದಷ್ಟು ಹಳೆಯವುಗಳ ನಡುವೆ ನಿಂತಿತ್ತು. ಸಾಮಾನು ಏನಾದರೂ ಉಳಿದಿದೆಯಾ ನೋಡಿ ಬರ್ತೀನಿ ಎಂದು ಅವಳು ಒಬ್ಬಳೇ ಹೋದಳು. ಎಡಗಡೆಯ ಬಾಗಿಲು ತೆರೆದು, ತಲೆ ಬಗ್ಗಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪಿಸುಗುಟ್ಟಿದಳು.

“ಅತ್ತೆ, ಬನ್ನಿ. ಹೊಸ ಗಾಡಿ ಬಂದಿದೆ. ಪುಟ್ಟಿ ಓಡಿಸ್ತಾಳೆ. ನೀವು ಬರಲೇಬೇಕು.”

ಪೆಡಲು ಕದಲಲಿಲ್ಲ. ಅವಳು ಹೂವಿನ ದಿಂಬನ್ನು ಎತ್ತಿಕೊಂಡಳು. ಹತ್ತಿಯ ದಿಂಬು, ಆದರೆ ಭಾರವಾಗಿತ್ತು ಅನ್ನಿಸಿತು. ಅಥವಾ ಹಾಗೆ ಅನ್ನಿಸಲಿ ಎಂದು ಅವಳ ಮನಸ್ಸೇ ಬಯಸಿತ್ತು. ಕೂಸನ್ನು ಎತ್ತಿಕೊಂಡ ಹಾಗೆ ಎದೆಗವುಚಿಕೊಂಡು ತಂದು, ಹೊಸ ಕಾರಿನ ಎಡಗಡೆಯ ಸೀಟಿನ ಮೇಲಿಟ್ಟು, ಅದರ ಮೇಲೆ ಕೂತಳು.

“ಈ ಹಳೇ ದಿಂಬು ಯಾಕಮ್ಮ? ಚೆಂದದ ಸೀಟಿನ ಮೇಲೆ!” ಎಂದಳು ಪುಟ್ಟಿ.

“ಇರಲಿ. ಅಜ್ಜೀದು.”

ಪುಟ್ಟಿ ಚೆನ್ನಾಗಿಯೇ ಓಡಿಸಿದಳು. ಗೇರು ಕಿರುಗುಟ್ಟಲಿಲ್ಲ, ಸಿಗ್ನಲಿನಲ್ಲಿ ಹಿಂದಿನವರು ಹಾರ್ನ್ ಮಾಡಲಿಲ್ಲ. ಹೊಸ ಗಾಡಿಗೆ ಸದ್ದೇ ಇಲ್ಲ, ಹೋಗುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ಹೋಗುತ್ತಿತ್ತು. ಚಿಕ್ಕ ಟೀಚರ್ ಬಲಗಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟಿದ್ದಳು, ಕಣ್ಣಲ್ಲಿ ನೋಡಿಕೊಂಡೇ. ರಸ್ತೆ ನೋಡುವಳು, ಕಾಲು ನೋಡುವಳು, ಮತ್ತೆ ರಸ್ತೆ. ಒಂದು ಹಸು ಅಡ್ಡ ಬಂತು, ಪುಟ್ಟಿಯೇ ನಿಲ್ಲಿಸಿದಳು. ಗಂಟೆ ಹೊಡೆಯಲಿಲ್ಲ. ಹೊಡೆಯಲು ಗಂಟೆಯೇ ಇಲ್ಲವೆಂದು ಅವಳಿಗೆ ಆಮೇಲೆ ನೆನಪಾಯಿತು.

“ಎಷ್ಟು ಹಾಯಾಗಿದೆ ಅಲ್ವಾ ಅಮ್ಮ, ಟಿಣ್ ಟಿಣ್ ಇಲ್ದೆ!”

ಔಷಧಿ ಅಂಗಡಿ ಬಂತು. ತಾಯಿಯಂತೆಯೇ ಮಗಳು ಅಲ್ಲಿ ನಿಧಾನ ಮಾಡಲಿಲ್ಲ.

ತಿರುವಿನ ಆಚೆ, ರಸ್ತೆಯ ಮಧ್ಯಕ್ಕೇ ಒಂದು ಲಾರಿ ಕೆಟ್ಟು ನಿಂತಿತ್ತು. ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳುಗಳು ಅದರ ಹಿಂಬದಿಯಿಂದ ಉದ್ದಕ್ಕೆ ಚಾಚಿಕೊಂಡಿದ್ದವು. ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿಕೊಂಡು ಕೆಳಗೆ ಬಿದ್ದಿತ್ತು. ಚಿಕ್ಕ ಟೀಚರ್ ಮೊದಲು ನೋಡಿದಳು. ನೋಡಿದ ಕೂಡಲೇ ಒತ್ತಿದಳು. ಒತ್ತಿದೆನೆಂದೇ ಅವಳು ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ, ತೊಡೆಯ ನರವೆಲ್ಲ ಬಿಗಿಯುವ ಹಾಗೆ ಒತ್ತಿದಳು. ‘ಕೀಂ’ ಎಂಬ ಸದ್ದು ಬರಲಿಲ್ಲ. ಕಾರು ಹೋಗುತ್ತಲೇ ಇತ್ತು.

“ಅಮ್ಮಾ!” ಎಂದು ಕಿರುಚಿ ಪುಟ್ಟಿಯೇ ತನ್ನ ಬ್ರೇಕ್ ತುಳಿದಳು.

ಗಾಜು ಒಡೆದ ಸದ್ದು ಬಹಳ ಹೊತ್ತು ಉದುರುತ್ತಲೇ ಇದ್ದ ಹಾಗೆ ಕೇಳಿಸಿತು. ಆಮೇಲೆ ಎಲ್ಲ ಸ್ತಬ್ಧವಾಯಿತು. ಸರಳುಗಳು ಮುಂದಿನ ಗಾಜನ್ನು ತೂರಿ, ಇಬ್ಬರ ಭುಜಗಳ ನಡುವೆ ಹಾಯ್ದು, ಹಿಂದಿನ ಸೀಟಿಗೆ ನಾಟಿದ್ದವು. ಒಂದು ಸರಳು ಪುಟ್ಟಿಯ ಜಡೆಯನ್ನು ಸೀಟಿನ ಬೆನ್ನಿಗೆ ಒತ್ತಿಹಿಡಿದಿತ್ತು. ಅವಳು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿದ್ದಳು. ಕೆನ್ನೆಯ ಮೇಲೆ ಗಾಜಿನ ಪುಡಿ, ಒಂದು ಹನಿ ರಕ್ತ. ಅಷ್ಟೇ. ಅಷ್ಟೇ ಎಂದು ತಾಯಿ ಅವಳ ಕುತ್ತಿಗೆ, ಕೆನ್ನೆ, ಕಿವಿ ಎಲ್ಲ ಸವರಿ ಸವರಿ ನೋಡಿ ಖಾತ್ರಿ ಮಾಡಿಕೊಂಡಳು.

ಆಮೇಲೆ ತನ್ನ ಕಾಲು ನೋಡಿಕೊಂಡಳು. ಅದು ಪೆಡಲಿನಿಂದ ಯಾವಾಗಲೋ ಜಾರಿ, ಗೇರಿನ ಬದಿಯ ತಗಡನ್ನು ಶಕ್ತಿಯೆಲ್ಲ ಹಾಕಿ ಒತ್ತಿಕೊಂಡಿತ್ತು.

ಫೋನು ಹೊಡೆದುಕೊಳ್ಳುತ್ತಿತ್ತು. ನಾಳೆರಾಯ. ಯಾಕೆ ಎತ್ತಿದಳೋ ಅವಳಿಗೇ ತಿಳಿಯದು. ಬೆರಳು ಜಾರಿ ಸ್ಪೀಕರ್ ಒತ್ತಿತು.

“ಮೇಡಂ, ತಪ್ಪು ತಿಳ್ಕೋಬೇಡಿ.” ಅವನ ಧ್ವನಿಯಲ್ಲಿ ನಗು ಇರಲಿಲ್ಲ. “ನಿಮ್ಮ ಹಳೇ ಗಾಡೀಲಿ... ಬೀಗ ಹಾಕಿತ್ತು ಮೇಡಂ, ಕೀ ನನ್ನ ಕೈಯಲ್ಲೇ ಇತ್ತು. ಈಗಷ್ಟೇ ಒಳಗೆ ಗಂಟೆ ಹೊಡೀತು. ಮೊದಲು ಸಣ್ಣಗೆ, ಆಮೇಲೆ ಬಡಿದ ಹಾಗೆ, ಯಾರ್ಡಿಗೆಲ್ಲ ಕೇಳಿಸ್ತು. ಬಾಗಿಲು ತೆಗೆದು ನೋಡಿದ್ರೆ ಆ ಎಡಗಡೆ ಪೆಡಲು ನೆಲಕ್ಕಂಟಿದೆ. ಫಿಟ್ಟರ್ ಎರಡೂ ಕೈಯಲ್ಲಿ ಎಳೀತಿದ್ದಾನೆ, ಮೇಲೆ ಬರ್ತಿಲ್ಲ. ಸೀಟು ಕೂಡ ತಗ್ಗಿ ಕೂತಿದೆ ಮೇಡಂ.”

ದಿಂಬಿನ ಜೊತೆ ಅತ್ತೆ ಬಂದಿರಲಿಲ್ಲ. ಅಲ್ಲೇ ಇದ್ದರು. ಇಲ್ಲಿ ತಿರುವು ಬಂದಾಗ ಅಲ್ಲಿ, ಬೀಗ ಹಾಕಿ ನಿಲ್ಲಿಸಿದ ಗಾಡಿಯಲ್ಲಿ ಕೂತು, ಮೊಮ್ಮಗಳಿಗಾಗಿ ಬ್ರೇಕ್ ಹಾಕಿದ್ದರು. ಇನ್ನೂ ಕಾಲು ತೆಗೆದಿರಲಿಲ್ಲ.

“ಫೋನನ್ನ ಆ ಸೀಟಿನ ಹತ್ರ ಹಿಡೀರಿ” ಎಂದಳು ಚಿಕ್ಕ ಟೀಚರ್.

“ಯಾಕೆ ಮೇಡಂ?”

“ಹಿಡೀರಿ ಅಂದ್ನಲ್ಲ!”

ಏನೋ ಸರಿದ ಸದ್ದು. ಮಗಳು ಅವಳನ್ನೇ ನೋಡುತ್ತಿದ್ದಳು.

“ಅತ್ತೆ, ಪುಟ್ಟಿಗೆ ಏನೂ ಆಗಿಲ್ಲ. ಅವಳೇ ಬ್ರೇಕ್ ಹಾಕಿದ್ಲು. ಚೆನ್ನಾಗಿದ್ದಾಳೆ.”

“ಬರ್ತಿಲ್ಲ ಮೇಡಂ” ಎಂದು ದೂರದಲ್ಲಿ ಫಿಟ್ಟರ್ ಏದುಸಿರು ಬಿಟ್ಟ. “ಇನ್ನೂ ಒತ್ತಿದ ಹಾಗಾಗ್ತಿದೆ.”

ಚಿಕ್ಕ ಟೀಚರ್ ಕಣ್ಣು ಮುಚ್ಚಿಕೊಂಡಳು. ಅತ್ತೆಗೆ ಇಷ್ಟು ಸಾಲದು ಎಂದು ಅವಳಿಗೆ ಗೊತ್ತಿತ್ತು. ಯಾವತ್ತೂ ಇಷ್ಟಕ್ಕೆ ಬಿಟ್ಟವರಲ್ಲ.

“ಅತ್ತೆ, ನನ್ನ ಕಾಲು ಸತ್ತು ವರ್ಷ ಆಯ್ತು. ಡಾಕ್ಟರು ಬೇಡ ಅಂದಿದ್ರು. ಮುಚ್ಚಿಟ್ಟೆ. ಇನ್ನು ನಾನು ಆ ಸೀಟಲ್ಲಿ ಕೂರಲ್ಲ. ಪುಟ್ಟಿ ಪಕ್ಕಾನೂ ಇಲ್ಲ, ಯಾರ ಪಕ್ಕಾನೂ ಇಲ್ಲ. ನಿಮ್ಮಾಣೆ.”

ಫೋನಿನಲ್ಲಿ, ಬಹಳ ನಿಧಾನವಾಗಿ, ಕಿರ್ ಎಂದು ಸ್ಪ್ರಿಂಗು ಸಡಿಲವಾದ ಸದ್ದು ಇಬ್ಬರಿಗೂ ಕೇಳಿಸಿತು. “ಮೇಲೆ ಬಂತು” ಎಂದ ನಾಳೆರಾಯ, ಪಿಸುಮಾತಿನಲ್ಲಿ. “ಯಾರು ಮೇಡಂ ಇದರೊಳಗೆ?”

ಪುಟ್ಟಿ ಸರಳಿನಡಿಯಿಂದ ಜಡೆ ಬಿಡಿಸಿಕೊಂಡು, ಗಾಜಿನ ಚೂರುಗಳ ನಡುವೆಯೇ ಬಗ್ಗಿ ತಾಯಿಯ ಬೂಟು ಬಿಚ್ಚಿದಳು. ಕಾಲುಚೀಲ ಎಳೆದು, ಪಾದದ ನಡುವೆ ಹೆಬ್ಬೆರಳಿಟ್ಟು ಒತ್ತಿದಳು.

“ಇಲ್ಲಿ ಗೊತ್ತಾಗತ್ತಾ ಅಮ್ಮ?”

“ಇಲ್ಲ.”

“ಇಲ್ಲಿ?”

“ಇಲ್ಲ ಪುಟ್ಟಿ. ಎಲ್ಲೂ ಗೊತ್ತಾಗಲ್ಲ.”